ಕೇಳದೆ ಬಿಟ್ಟ ಪ್ರಶ್ನೆ

ಕೂಸು ಬಾಟಲಿ ಹಿಡಿಯಲಿಲ್ಲ. ಮೂರು ತರಹದ ಬಾಟಲಿ ತಂದು ನೋಡಿದೆವು. ಒಳಲೆಯಲ್ಲಿ ಹಾಕಿದರೆ ಬಾಯಿಯ ಅಂಚಿನಿಂದ ಹೊರಗೆ ಬಿಡುತ್ತಿತ್ತು. ಅವ್ವ ಹತ್ತಿಯ ಬಟ್ಟೆಯನ್ನು ಹಾಲಲ್ಲಿ ಅದ್ದಿ ಚೀಪಿಸಲು ಹೋದಳು. ಕೂಸು ಅವಳ ಮುಖವನ್ನೇ ನೋಡುತ್ತ ತುಟಿ ಬಿಗಿ ಹಿಡಿಯಿತು. ಕೊನೆಗೆ ಅವ್ವನೇ ದಾರಿ ಹುಡುಕಿದಳು. ಎರಡು ತಾಸಿಗೊಮ್ಮೆ ಕೂಸನ್ನು ಎತ್ತಿಕೊಂಡು ಕೋರ್ಟಿಗೆ ಬರುವುದು.

ನಮ್ಮ ಬಾಡಿಗೆ ಮನೆ ಹಿರೇಕೆರೂರಿನ ಬಸ್ ನಿಲ್ದಾಣದ ಹಿಂದೆ. ಅಲ್ಲಿಂದ ಕರೀಮಸಾಬರ ಆಟೋ ಅವ್ವನನ್ನೂ ಕೂಸನ್ನೂ ಕರೆತರುತ್ತಿತ್ತು. ಕೋರ್ಟಿನ ಗೇಟಿನ ಪಕ್ಕ ಗಾಡಿ ನಿಲ್ಲಿಸಿ, ಎರಡೂ ಬದಿಯ ಪರದೆ ಇಳಿಸಿ, ಅವರು ಚಹಾದಂಗಡಿಯ ಕಡೆ ನಡೆದುಬಿಡುತ್ತಿದ್ದರು. ವಕೀಲರ ಸಂಘದ ಕೋಣೆಯಲ್ಲಿ ಯಾವಾಗಲೂ ಗಂಡಸರು ಇರುತ್ತಾರೆ. ಹಾಗಾಗಿ ನಾನು ಕರಿ ಗೌನು ಕಳಚಿ ಅವ್ವನ ಕೈಗೆ ಕೊಟ್ಟು, ಆಟೋದ ಹಿಂದಿನ ಸೀಟಿನಲ್ಲಿ ಕೂತು ಹಾಲು ಕುಡಿಸುತ್ತಿದ್ದೆ. ಹೊರಗೆ ಜವಾನ ಯಾರ ಹೆಸರು ಕೂಗುತ್ತಿದ್ದಾನೆ ಎಂದು ಕಿವಿ ಆ ಕಡೆ. ಕೂಸು ಗುಟುಕರಿಸುವ ಸದ್ದು ಈ ಕಡೆ.

ನಮ್ಮ ಕಡೆ ಬಾಣಂತನ ಐದು ತಿಂಗಳು. ನಾನು ಎಪ್ಪತ್ತನೆಯ ದಿನಕ್ಕೆ ಕಿವಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೋರ್ಟಿಗೆ ಬಂದೆ. ಅಷ್ಟರಲ್ಲೇ ಆರು ಜನ ಪಕ್ಷಗಾರರು ತಮ್ಮ ಫೈಲು ಬೇರೆಯವರಿಗೆ ಕೊಟ್ಟಿದ್ದರು. ಯಾರೂ ಜಗಳವಾಡಲಿಲ್ಲ, ದೂರಲಿಲ್ಲ. ಒಬ್ಬೊಬ್ಬರೇ ಬಂದು ಕೂಸಿನ ಕೈಗೆ ಬಿಸ್ಕತ್ತಿನ ಪುಡಿಕೆ ಇಟ್ಟು ಫೈಲು ಇಸಿದುಕೊಂಡು ಹೋದರು. ಉಳಿದವರಲ್ಲಿ ಭರಮವ್ವ ಒಬ್ಬಳು.

ಭರಮವ್ವ ಚಿಕ್ಕೇರೂರಿನವಳು, ನಮ್ಮದೇ ಓಣಿಯವಳು. ಬುದ್ಧವಿಹಾರದ ಪಕ್ಕದ ಮನೆ. ನಾನು ಕಾನೂನು ಓದಲು ಹುಬ್ಬಳ್ಳಿಗೆ ಹೋದಾಗ ಬಸ್ ನಿಲ್ದಾಣದವರೆಗೂ ನನ್ನ ಟ್ರಂಕು ಹೊತ್ತು ಬಂದವಳು. ಅವಳ ಗಂಡ ಹೂವಪ್ಪ ಸತ್ತು ಐದು ವರ್ಷ. ಸತ್ತ ತಿಂಗಳಿಗೆ ಮೈದುನನ ಮಗ ಒಂದು ಮೃತ್ಯುಪತ್ರ ಹಿಡಿದು ಬಂದ. ಹೂವಪ್ಪ ಸಾಯುವುದಕ್ಕೆ ಒಂದು ವರ್ಷ ಮೊದಲೇ ಒಂದೂವರೆ ಎಕರೆ ಹೊಲವನ್ನೂ ಮನೆಯನ್ನೂ ಅವನಿಗೆ ಬರೆದುಕೊಟ್ಟಿದ್ದಾನೆ ಎಂದು ಆ ಕಾಗದ ಹೇಳುತ್ತಿತ್ತು. ಬರೆದ ದಿನ, ಶ್ರಾವಣದ ಒಂದು ಗುರುವಾರ. ಬರೆದ ಜಾಗ, ಹೂವಪ್ಪನ ಮನೆ. ಸಾಕ್ಷಿ ಹಾಕಿದವನು ನೆರೆಮನೆಯ ಫಕ್ಕೀರೇಶ.

ಭರಮವ್ವ ಹೇಳುತ್ತಿದ್ದದ್ದು ಒಂದೇ ಮಾತು. ‘ಅವ ಬರದಿಲ್ಲ. ಬರದಿದ್ರ ನನಗ ಹೇಳ್ತಿದ್ದ.’ ಇಡೀ ದಾವೆ ಅವಳ ಆ ಒಂದು ನೆನಪಿನ ಮೇಲೆ ನಿಂತಿತ್ತು.

ಅವಳ ಸಾಕ್ಷ್ಯ ಮುಗಿದು ಒಂದು ತಿಂಗಳ ಮೇಲೆ, ಸವಣೂರಿಗೆ ಕೊಟ್ಟಿದ್ದ ಮಗಳು ಜಯಾ ಹಬ್ಬಕ್ಕೆ ಬಂದವಳು ದಾವೆಯ ಕಾಗದದಲ್ಲಿ ತಾರೀಖು ಓದಿ ಹೇಳಿದಳಂತೆ: ಆ ಗುರುವಾರ ತಾನು ಸವಣೂರಿನ ಆಸ್ಪತ್ರೆಯಲ್ಲಿದ್ದೆ, ಗಂಡ ದುಡಿಯಲು ಗೋವಾಕ್ಕೆ ಹೋಗಿದ್ದ, ಹೆರಿಗೆಯ ಆಪರೇಷನ್ನಿಗೆ ಅಪ್ಪನೇ ಸಹಿ ಹಾಕಿದ್ದ. ಭರಮವ್ವನಿಗೆ ಮೊಮ್ಮಗ ಹುಟ್ಟಿದ್ದು ನೆನಪಿತ್ತು, ಗಂಡ ಸಹಿ ಹಾಕಿದ್ದೂ ನೆನಪಿತ್ತು. ಮೃತ್ಯುಪತ್ರದ ತಾರೀಖು ಅದೇ ಎಂದು ಮಾತ್ರ ಓದಲು ಬಾರದ ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಕೂಡ. ನಾನು ಅದನ್ನು ಬರೀ ತಾರೀಖು ಎಂದು ಓದಿದ್ದೆ.

ಆಗ ನನಗೆ ಏಳು ತಿಂಗಳು ತುಂಬಿತ್ತು. ಇಬ್ಬರೂ ಬಸ್ಸು ಹಿಡಿದು ಹಾನಗಲ್ ಮೇಲಿಂದ ಸವಣೂರಿಗೆ ಹೋದೆವು. ದಾರಿಯುದ್ದಕ್ಕೂ ಭರಮವ್ವ ನನ್ನ ಬಾಯಿಯ ಮುಂದೆ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದಳು. ಅರ್ಜಿ ಕೊಟ್ಟು, ಮತ್ತೆ ಎರಡು ಸಲ ಹೋಗಿ, ಆ ಒಪ್ಪಿಗೆ ಪತ್ರದ ದೃಢೀಕೃತ ನಕಲು ತಂದೆವು. ಕೆಳಗೆ ಹೂವಪ್ಪನ ಓರೆಯಾದ ಸಹಿ. ಪಕ್ಕದಲ್ಲಿ ನರ್ಸ್ ಬರೆದ ವೇಳೆ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ.

ನಮ್ಮ ಸಾಕ್ಷ್ಯ ಮುಗಿದುಹೋಗಿದ್ದರಿಂದ ಆ ಕಾಗದವನ್ನು ಕಡತಕ್ಕೆ ಸೇರಿಸಲು ಒಂದೇ ಬಾಗಿಲಿತ್ತು. ಫಕ್ಕೀರೇಶ ಕಟಕಟೆಗೆ ಬಂದಾಗ, ಪಾಟೀ ಸವಾಲಿನಲ್ಲಿ, ಅವನ ಕಣ್ಣ ಮುಂದೆ ಅದನ್ನು ಹಿಡಿದು ಕೇಳಬೇಕು. ಮೊದಲು ಅವನ ಬಾಯಿಂದ ಜಾಗ, ವೇಳೆ ಎರಡನ್ನೂ ಗಟ್ಟಿ ಮಾಡಿಸಬೇಕು. ಆಮೇಲೆ ಕಾಗದ ತೋರಿಸಬೇಕು. ಬಸುರಿಯಾಗಿದ್ದಾಗ ನೂರು ಸಲ, ಬಾಣಂತಿಯಾಗಿ ನೂರು ಸಲ, ನಾನು ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿದ್ದೆ.

ಆ ದಿನ ಬುಧವಾರ. ಹನ್ನೆರಡಕ್ಕೆ ಹಾಲು ಕುಡಿಸಬೇಕಿತ್ತು. ನಮ್ಮ ಕೇಸು ಕೂಗಿದಾಗ ಹನ್ನೆರಡೂಕಾಲು.

‘ಮೃತ್ಯುಪತ್ರ ಬರದದ್ದು ಎಲ್ಲಿ?’

‘ಹೂವಪ್ಪಣ್ಣನ ಮನ್ಯಾಗ್ರಿ. ಪಡಸಾಲ್ಯಾಗ.’ ಫಕ್ಕೀರೇಶ ಕಟಕಟೆಯ ಹಲಗೆಯನ್ನು ಎರಡೂ ಕೈಯಿಂದ ಹಿಡಿದಿದ್ದ.

‘ಎಷ್ಟ ಗಂಟೇಕ?’

‘ಹನ್ನೊಂದರ ಸುಮಾರ ಇರ್ಬೇಕ್ರಿ.’

‘ಸುಮಾರ ಅಂದ್ರ ಹತ್ತೋ, ಹನ್ನೆರಡೋ?’

‘ಹನ್ನೊಂದರಿ. ಸಾಲಿ ಗಂಟಿ ಬಾರಿಸಿದ್ದು ಕೇಳ್ತು. ಖರೇನ ಹನ್ನೊಂದು.’

‘ಭರಮವ್ವ ಎಲ್ಲಿದ್ರು?’

‘ಅಲ್ಲೇ ಇದ್ಲಲ್ರಿ. ಎಲ್ಲಾರಿಗೂ ಚಾ ಮಾಡಿ ಕೊಟ್ಲು.’

ಎದುರು ಪಕ್ಷದ ಸುಭಾಸ ವಕೀಲರು ಕೂತಲ್ಲಿಂದಲೇ ಅಂದರು, ‘ಸಕ್ಕರಿ ಎಷ್ಟ ಚಮಚಾ ಹಾಕಿದ್ಲು ಅನ್ನೂದೂ ಕೇಳಿ ಬಿಡ್ರಿ ಅಕ್ಕಾರ.’ ಹಿಂದಿನ ಬೆಂಚಿನಲ್ಲಿ ನಗೆ ಎದ್ದಿತು. ನನಗೆ ಒಳಗೇ ಖುಷಿಯಾಯಿತು. ಅವರಿಗೆ ಏನೂ ಗೊತ್ತಿಲ್ಲ.

ನಮ್ಮಲ್ಲಿ ಸಾಕ್ಷಿ ಉತ್ತರ ಕೊಟ್ಟ ಮೇಲೆ ನ್ಯಾಯಾಧೀಶರು ಅದನ್ನು ಬರವಣಿಗೆಯ ಭಾಷೆಗೆ ತಿರುಗಿಸಿ ಹೇಳುತ್ತಾರೆ, ಟೈಪಿಸ್ಟ್ ಬಡಿಯುತ್ತಾಳೆ. ಅಲ್ಲಿಯವರೆಗೂ ವಕೀಲರು ಸುಮ್ಮನೆ ನಿಲ್ಲಬೇಕು. ‘ಬೆಳಿಗ್ಗೆ ಹನ್ನೊಂದು ಗಂಟೆಗೆ, ಹೂವಪ್ಪನ ಮನೆಯ ಪಡಸಾಲೆಯಲ್ಲಿ...’ ಎಂದು ಅವರು ನಿಧಾನ ಹೇಳುತ್ತಿದ್ದರು. ಆ ಬಿಡುವಿನಲ್ಲಿ ಕಿಟಕಿಯ ಹೊರಗಿನಿಂದ ಕೂಸು ಅಳುವುದು ಕೇಳಿಸಿತು.

ಅದು ಮೊದಲಿನ ಅಳುವಲ್ಲ, ಸಣ್ಣ ಕೊಸರೂ ಅಲ್ಲ. ಬಹಳ ಹೊತ್ತಿನಿಂದ ಅತ್ತು ಅತ್ತು ದನಿ ಒಡೆದ ಅಳು. ಉಸಿರು ಸಿಕ್ಕಿ ನಡುವೆ ನಿಲ್ಲುವುದು, ಮತ್ತೆ ಶುರುವಾಗುವುದು. ಆ ನಿಲ್ಲುವುದನ್ನೇ ನನ್ನಿಂದ ತಡೆಯಲಾಗಲಿಲ್ಲ. ಎದೆಯಲ್ಲಿ ಸೂಜಿ ಆಡಿದ ಹಾಗೆ ಹಾಲು ಇಳಿಯಿತು. ಮಡಿಸಿ ಇಟ್ಟುಕೊಂಡಿದ್ದ ಬಟ್ಟೆ ತೊಯ್ದು, ರವಿಕೆ ತೊಯ್ದು, ಬಿಳಿ ಬ್ಯಾಂಡಿನ ಕೆಳಗೆ ಬಿಸಿ ಇಳಿಯುತ್ತಿತ್ತು. ನಾನು ಫೈಲನ್ನು ಎದೆಗೆ ಒತ್ತಿಕೊಂಡೆ.

‘ಮುಂದೆ?’ ಅಂದರು ನ್ಯಾಯಾಧೀಶರು.

ಪಾಟೀ ಸವಾಲಿಗೆ ಒಂದು ಕೊನೆಯ ವಾಕ್ಯವಿದೆ. ಯಾವ ಕೇಸೇ ಆಗಲಿ, ಯಾವ ವಕೀಲರೇ ಆಗಲಿ, ಕೇಳಬೇಕಾದ್ದೆಲ್ಲ ಕೇಳಿಯಾದ ಮೇಲೆ ಅದನ್ನು ಕೇಳುತ್ತಾರೆ. ಸಾಕ್ಷಿ ಇಲ್ಲ ಎನ್ನುತ್ತಾನೆ, ಫೈಲು ಮುಚ್ಚುತ್ತಾರೆ. ಏಳು ವರ್ಷದಲ್ಲಿ ನನ್ನ ನಾಲಿಗೆ ಅದನ್ನು ಎಷ್ಟು ಸಲ ಹೇಳಿದೆಯೋ. ಆ ಕ್ಷಣದಲ್ಲಿ ನಾಲಿಗೆಗೆ ದಾರಿ ಗೊತ್ತಿದ್ದದ್ದು ಅದೊಂದರ ಕಡೆಗೇ.

‘ನೀವು ಸುಳ್ಳ ಸಾಕ್ಷಿ ಹೇಳಾಕತ್ತೀರಿ ಅಂದ್ರ?’

‘ಛೆ, ಇಲ್ರಿ. ಖರೇನ ಹೇಳಾಕತ್ತೇನಿ.’

‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ,’ ನ್ಯಾಯಾಧೀಶರು ಹೇಳಿ ಬರೆಸಿದರು. ‘ಮುಗಿಯಿತೇ?’

‘ಮುಗೀತು ಸ್ವಾಮಿ.’

ನಾನು ಓಡಿದೆ. ಅವ್ವ ಗೇಟಿನ ಬಳಿಯೇ ನಿಂತಿದ್ದಳು, ಕೂಸಿನ ಮುಖ ಕಪ್ಪಿಟ್ಟಿತ್ತು. ಆಟೋದೊಳಗೆ ಕೂತು ಎದೆಗೆ ಹಚ್ಚಿಕೊಂಡೆ. ಕೂಸು ಮೊದಲು ಬಿಕ್ಕಿತು, ಆಮೇಲೆ ಹಿಡಿಯಿತು. ಪರದೆಯೊಳಗೆ ಬಿಸಿ. ಕೂಸಿನ ತಲೆಯ ಬೆವರಿನ ವಾಸನೆ. ಅವ್ವ ನನ್ನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಅದರಿಂದಲೇ ಗಾಳಿ ಬೀಸುತ್ತಿದ್ದಳು. ಬೀಸುವಾಗ ಒಳಗಿನ ಪ್ಲಾಸ್ಟಿಕ್ ಹಾಳೆ ಅಲ್ಲಾಡಿ ಹೊರಗೆ ಇಣುಕಿತು. ಹೂವಪ್ಪನ ಓರೆ ಸಹಿ.

ಕೂಸು ಕುಡಿಯುತ್ತಿತ್ತು. ನಾನು ಅದನ್ನು ಬಿಡಿಸಿಕೊಂಡೆ. ಬಿಡಿಸಿಕೊಂಡು ಅವ್ವನ ಮಡಿಲಿಗೆ ಹಾಕಿ, ಗೌನನ್ನು ತಿರುಗಾಮುರುಗಾ ತೊಟ್ಟು, ಮೆಟ್ಟಿಲು ಏರಿದೆ. ಒಳಗೆ ಬೇರೆ ಕೇಸು ನಡೆದಿತ್ತು. ಫಕ್ಕೀರೇಶ ಸಹಿ ಮಾಡಿ ಹೋಗಿದ್ದ. ಸುಭಾಸ ವಕೀಲರು ಬಾಗಿಲಲ್ಲಿ ಎದುರಾದರು.

‘ಯಾಕ ಅಕ್ಕಾರ, ಇವತ್ತ ಭಾಳ ಲಗೂ ಬಿಟ್ಟಬಿಟ್ರಿ ನಮ್ಮ ಸಾಕ್ಷೀನ? ನಾ ಊಟದ ಹೊತ್ತ ದಾಟ್ತೇತಿ ಅನಕೊಂಡಿದ್ದೆ.’

ನಾನು ಅವರನ್ನು ದಾಟಿ ಹೊರಬಂದೆ. ವರಾಂಡದ ಕಂಬದ ಬಳಿ ಭರಮವ್ವ ನಿಂತಿದ್ದಳು. ಅವಳು ಹಿಂದಿನ ಬೆಂಚಿನಲ್ಲಿ ಕೂತು ಎಲ್ಲ ಕೇಳಿದ್ದಳು.

‘ಆಸ್ಪತ್ರಿ ಮಾತ ಬರಲೇ ಇಲ್ಲಲ್ಲವಾ?’

‘ಅದಕ್ಕ ಬ್ಯಾರೆ ಅರ್ಜಿ ಹಾಕೋದೈತಿ, ಭರಮವ್ವ. ಮುಂದಿನ ಮುದ್ದತಿಗೆ ಹಾಕ್ತೇನಿ.’

‘ಹಂಗಾ?’ ಅಂದಳು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ನನ್ನೊಳಗೆ ಕೂತುಬಿಟ್ಟಿತು.

ಸಂಜೆ ಲಕ್ಷ್ಮಪ್ಪ ವಕೀಲರ ಆಫೀಸಿಗೆ ಹೋದೆ. ನಾಲ್ಕು ವರ್ಷ ಅವರ ಕೈಕೆಳಗೆ ಕಲಿತವಳು ನಾನು. ಅವರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಎಲ್ಲಾರ ಕೈಯ್ಯಾಗೂ ಆಗ್ತೈತಿ. ನನ್ನ ಕೈಯ್ಯಾಗೂ ಆಗೇತಿ. ಸಾಕ್ಷೀನ ಮತ್ತ ಕರಸಾಕ ಅರ್ಜಿ ಹಾಕು.’

‘ಕಾರಣ ಏನಂತ ಬರೀಲ್ರಿ ಸರ್?’

‘ಬರೇ ಕಣ್ತಪ್ಪು ಅಂತ ಬರದ್ರ ಈ ಸಾಹೇಬ್ರು ಒಪ್ಪೂದಿಲ್ಲ. ಹೋದ ತಿಂಗಳ ಎರಡ ಅರ್ಜಿ ಹಂಗ ವಜಾ ಮಾಡ್ಯಾರ. ಪಕ್ಷಗಾರಳ ಮ್ಯಾಲ ಹಾಕು. ಕಾಗದಾ ಮನ್ಯಾಗ ಇಟ್ಟು ಮರತಿದ್ಲು, ಸವಾಲು ಮುಗದ ಮ್ಯಾಲ ತಂದಕೊಟ್ಲು. ಪ್ರಮಾಣಪತ್ರಕ್ಕ ಅಕೀದ ಹೆಬ್ಬಟ್ಟು ಒತ್ತಿಸು. ಎಲ್ಲಾರೂ ಬರಿಯೋದು ಅದನ್ನ.’

‘ಅಕಿ ಮರತಿಲ್ಲಲ್ರಿ.’

‘ಅರವತ್ತೈದರ ಮುದುಕಿ. ಮರತ್ರ ಯಾರೇನಂತಾರ?’

‘ಅಕಿ ನೆನಪಿನ ಮ್ಯಾಲ ನಮ್ಮ ಕೇಸ ನಿಂತೈತ್ರಿ ಸರ್. ನಾಳೆ ವಾದದಾಗ ಸುಭಾಸ ಸರ್ ಎದ್ದು, ಆಸ್ಪತ್ರಿ ಕಾಗದ ಮರತಾಕಿ ಗಂಡ ಬರದಿದ್ದನ್ನೂ ಮರತಿರಬಹುದು ಅಂದ್ರ?’

ಲಕ್ಷ್ಮಪ್ಪನವರು ಮೇಜಿನ ಮೇಲಿನ ಕನ್ನಡಕ ಮತ್ತೆ ಹಾಕಿಕೊಂಡರು. ಹೊರಗೆ ಟ್ರ್ಯಾಕ್ಟರ್ ಒಂದು ಹೋಯಿತು.

‘ಹಂಗಾರ ನಿನ್ನ ಮ್ಯಾಲ ಹಾಕೋ. ಏನಂತ ಬರೀತಿ? ಕೂಸಿಗೆ ಹಾಲ ಕುಡಸಾಕ ಹೋದೆ ಅಂತ? ಅದು ಕಡತದಾಗ ಸೇರ್ತೈತಿ, ತಂಗಿ. ಸುಭಾಸ ಅದನ್ನ ಕೋರ್ಟಿನ್ಯಾಗ ಎದ್ದು ಓದತಾನ. ಸಂಜಿಮುಂದ ಚಾದಂಗಡ್ಯಾಗ ಎಲ್ಲಾರೂ ಓದತಾರ. ನಾಳಿಂದ ನಿನ್ನ ಕಡೆ ಯಾವ ಪಕ್ಷಗಾರ ಬರ್ತಾನ? ನಿನ್ನ ಹಿಂದ ಬರೂ ಹುಡಿಗ್ಯಾರ್ನ ಯಾರ ಜೂನಿಯರ್ ತಗೋತಾರ?’

ಕೊನೆಯ ಮಾತು ನನಗೆ ನಾಟಿತು. ನಮ್ಮ ಓಣಿಯಿಂದ ಈಗ ಇಬ್ಬರು ಹುಡುಗಿಯರು ಕಾನೂನು ಓದುತ್ತಿದ್ದಾರೆ. ಅವರ ತಾಯಂದಿರು ನನ್ನನ್ನು ತೋರಿಸಿ ಅವರನ್ನು ಕಳಿಸಿದ್ದು.

ಮನೆಗೆ ಬಂದಾಗ ಅವ್ವ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ‘ನಾ ಕೂಸಿನ್ನ ಎತಗೊಂಡು ದೂರ ಹೋಗಬೇಕಿತ್ತು. ಅಳೂದು ನಿನಗ ಕೇಳದಂಗ ಸಂತಿ ಮೈದಾನಕ್ಕರ ಹೋಗಬೇಕಿತ್ತು.’ ಹೊಲದ ಕೂಲಿಗೆ ಹೋಗಿ ನನ್ನನ್ನು ಓದಿಸಿದವಳು. ನಾನು ಕೂಸಾಗಿದ್ದಾಗ ಬದುವಿನ ಮೇಲೆ ಜೋಳಿಗೆಯಲ್ಲಿ ಹಾಕಿ, ಅತ್ತರೆ ಅಳಲಿ ಎಂದು ಕಳೆ ತೆಗೆದವಳು. ಅದನ್ನು ಅವಳು ಯಾವತ್ತೂ ಹೆಮ್ಮೆಯಿಂದ ಹೇಳಿಲ್ಲ. ಈಗಲೂ ಹೇಳಲಿಲ್ಲ. ಹೇಳಿದ್ದರೆ ನಾನು ಏನು ಉತ್ತರ ಕೊಡುತ್ತಿದ್ದೆನೋ.

‘ಒಂದ ವರ್ಷ ಬಿಟ್ಟಬಿಡು, ಸಮತಾ. ಕೂಸು ನಡದಾಡೂತನಕ.’

‘ಒಂದ ವರ್ಷ ಬಿಟ್ರ ಮತ್ತ ಯಾರೂ ಕೇಸ ಕೊಡೂದಿಲ್ಲಬೇ.’

ದೀಪ ಹಚ್ಚಿದ ಮೇಲೆ ರವಿಕುಮಾರ ಬಂದ. ನನ್ನ ಗಂಡ ಗೊಟಗೋಡಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಹಾಯಕ. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿ ಶಿಗ್ಗಾಂವಿಯಲ್ಲಿ ಇಳಿದು ಮತ್ತೊಂದು ಗಾಡಿ ಹಿಡಿಯುತ್ತಾನೆ. ಮಾತು ಕಡಿಮೆಯ ಮನುಷ್ಯ. ಮದುವೆಗೆ ಮುಂಚೆ ನನಗೆ ಹಿಡಿಸಿದ್ದೇ ಅದು. ಎಲ್ಲ ಕೇಳಿ, ಶೂ ಬಿಚ್ಚಿ, ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತ.

‘ನಾ ರಜಾ ಹಾಕ್ಲೇನು?’

‘ಎಷ್ಟ ದಿನಾ?’

ಅವನು ಉತ್ತರ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮೌನದಲ್ಲಿ ಎಷ್ಟು ಬಗೆ ಇದೆಯೆಂದು ಮದುವೆಯಾಗುವಾಗ ನನಗೆ ಗೊತ್ತಿರಲಿಲ್ಲ.

ಆ ವಾರವಿಡೀ ಹಾಲು ಕಡಿಮೆಯಾಯಿತು. ಎದೆ ಕಟ್ಟಿ ನೋಯುತ್ತಿತ್ತು, ಆದರೆ ಕೂಸು ಹಿಡಿದರೆ ಇಳಿಯುತ್ತಿರಲಿಲ್ಲ. ಅದು ಎಳೆದೆಳೆದು ಸೋತು ನನ್ನನ್ನು ದೂಡಿ ಅಳುತ್ತಿತ್ತು. ಇಬ್ಬರಿಗೂ ನಾನು ಉಪಯೋಗಕ್ಕೆ ಬಾರದವಳಾದೆ ಅನಿಸಿತು, ಮಗುವಿಗೂ ಮುದುಕಿಗೂ. ಶನಿವಾರ ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೇ ಕೈಯಿಂದ ಪ್ರಮಾಣಪತ್ರ ಟೈಪು ಮಾಡಿದೆ. ‘ಸದರಿ ದಾಖಲೆಯನ್ನು ನಾನು ನನ್ನ ಮನೆಯಲ್ಲಿಟ್ಟು ಮರೆತಿದ್ದು, ಸಾಕ್ಷಿಯ ಪಾಟೀ ಸವಾಲು ಮುಗಿದ ನಂತರ ನನ್ನ ವಕೀಲರಿಗೆ ಕೊಟ್ಟಿರುತ್ತೇನೆ.’ ಎಷ್ಟು ಸಲೀಸಾಗಿ ಬಂತು ಆ ವಾಕ್ಯ. ಓದಿ ನೋಡಿದರೆ ಒಂದೂ ತಪ್ಪಿರಲಿಲ್ಲ.

ಸೋಮವಾರ ಬೆಳಿಗ್ಗೆ ಭರಮವ್ವ ಮನೆಗೆ ಬಂದಳು. ಮುಂದಿನ ಕೋಣೆಯೇ ನನ್ನ ಆಫೀಸು. ಅವಳು ಕುರ್ಚಿಯಲ್ಲಿ ಕೂರದೆ ಯಾವಾಗಲಿನಂತೆ ಹೊಸ್ತಿಲಿನ ಬಳಿ ಕೂತಳು. ಮಸಿಯ ಡಬ್ಬಿ ನೋಡಿದ್ದೇ ಎಡಗೈ ಹೆಬ್ಬೆರಳು ಮುಂದೆ ಮಾಡಿದಳು.

ಓದಲು ಬಾರದವರಿಗೆ ಓದಿ ಹೇಳಿದ ಮೇಲೆಯೇ ಹೆಬ್ಬಟ್ಟು ಹಾಕಿಸಬೇಕು. ಹಾಗೆಂದು ಕಾಗದದ ಕೆಳಗೆ ಬರೆದಿರುತ್ತದೆ. ಎಷ್ಟೋ ಜನ ಓದುವುದಿಲ್ಲ. ಅವಳ ಬೆರಳು ಗಾಳಿಯಲ್ಲಿ ಕಾಯುತ್ತಿತ್ತು. ಒಂದು ಕ್ಷಣ, ಬರೀ ಒಂದು ಕ್ಷಣ, ನಾನು ಮಸಿಯ ಡಬ್ಬಿಯ ಮುಚ್ಚಳ ತೆಗೆದೆ. ಆಮೇಲೆ ಮುಚ್ಚಿ ಓದಲು ಶುರು ಮಾಡಿದೆ. ಮೂರನೆಯ ಪ್ಯಾರಾಕ್ಕೆ ಬಂದಾಗ ನನ್ನ ದನಿ ಸಣ್ಣದಾಯಿತು.

ಭರಮವ್ವ ಬೆರಳು ಹಿಂದಕ್ಕೆ ಎಳೆದುಕೊಂಡಳು.

‘ನಾ ಮರತೇನಿ ಅಂತ ಬರದಿಯೇನು?’

‘ಕೋರ್ಟಿಗೆ ಹಂಗ ಬರೀಬೇಕಾಗ್ತೈತಿ, ಭರಮವ್ವ.’

‘ಆ ಕಾಗದ ತರಾಕ ಮೂರ ಸಲ ಬಸ್ ಹತ್ತೇನಿ. ನೀ ವಾಂತಿ ಮಾಡಕೊಂಡಿದ್ದನ್ನ ಈ ಕೈಯ್ಯಾಗ ಹಿಡದೇನಿ. ಅದನ್ನ ನಾ ಮರತ್ನಾ?’

ನಾನು ಮಸಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ. ಒಳಗೆ ಕೂಸಿಗೆ ಹಾಡುತ್ತಿದ್ದ ಅವ್ವ ಹಾಡು ನಿಲ್ಲಿಸಿದಳು.

‘ನಿನ್ನ ಕೂಸು ಅತ್ತಿದ್ದು ಕೋರ್ಟಿಗೆಲ್ಲಾ ಕೇಳೇತಿ. ನನಗೂ ಕೇಳೇತಿ. ನಿನ್ನ ಮಾರಿ ನೋಡಿದ್ನಿ ನಾನು, ಬಿಳುಚಿಕೊಂಡಿತ್ತು. ಈಕಿ ಇನ್ನ ನಿಲ್ಲೂದಿಲ್ಲ ಅಂತ ಆಗ ಅನಕೊಂಡೆ. ಅದಕ್ಕ ನಾನ್ಯಾಕ ಮರಗುಳಿ ಆಗ್ಬೇಕು? ಐದು ವರ್ಷ ಆತು, ಊರ ಮಂದಿ ಎಲ್ಲಾ ಅಂದ್ರು, ಮುದುಕಿಗೆ ಅರವು ಮರವು, ಗಂಡ ಬರದಾನ, ಈಕಿಗೆ ನೆನಪಿಲ್ಲ ಅಂತ. ನೀನೂ ಅದನ್ನ ಅಚ್ಚ ಹಾಕಿಸಿಕೊಂಡು ಬಂದಿ.’

ನನಗೆ ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಕಾಗದವನ್ನು ನಡುವೆ ಹರಿದು ಪಕ್ಕಕ್ಕಿಟ್ಟೆ. ಭರಮವ್ವ ಎದ್ದು ಸೀರೆ ಕೊಡವಿಕೊಂಡಳು.

‘ಒತ್ತೂದಿದ್ರ ನೀನ ಒತ್ತು,’ ಅಂದು ಹೋದಳು.

ಆ ಮಧ್ಯಾಹ್ನ ನನ್ನ ಹೆಸರಿನಲ್ಲೇ ಪ್ರಮಾಣಪತ್ರ ಬರೆದೆ. ನಾನು ಸಮತಾ, ವಾದಿಯ ವಕೀಲೆ, ಪ್ರಮಾಣ ಮಾಡಿ ಹೇಳುವುದೇನೆಂದರೆ. ನನ್ನ ನಾಲ್ಕು ತಿಂಗಳ ಮಗು ಹಸಿವಿನಿಂದ ಹೊರಗೆ ಅಳುತ್ತಿತ್ತು. ಅದನ್ನು ಕೇಳಿ ನಾನು ಕೇಳಬೇಕಾದ ಪ್ರಶ್ನೆಯನ್ನು ಬಿಟ್ಟು ಪಾಟೀ ಸವಾಲು ಮುಗಿಸಿದೆ. ದಾಖಲೆ ಅಂದು ನನ್ನ ಕೈಯಲ್ಲೇ ಇತ್ತು. ನನ್ನ ಪಕ್ಷಗಾರಳ ತಪ್ಪಿಲ್ಲ. ನಾಲ್ಕು ವಾಕ್ಯ ಬರೆಯಲು ಎರಡು ತಾಸು ಹಿಡಿಯಿತು.

ಲಕ್ಷ್ಮಪ್ಪನವರು ಹೇಳಿದ ಹಾಗೇ ಆಯಿತು. ಅರ್ಜಿಯ ದಿನ ಸುಭಾಸ ವಕೀಲರು ಎದ್ದು ಆ ಪ್ಯಾರಾವನ್ನು ಓದಿದರು. ಅವರ ದನಿ ಚೆನ್ನಾಗಿದೆ. ‘ಹಸಿವಿನಿಂದ’ ಎಂಬಲ್ಲಿ ಸ್ವಲ್ಪ ನಿಂತು ಓದಿದರು. ಹಿಂದೆ ಯಾರೋ ಕೆಮ್ಮಿದರು, ಕೆಮ್ಮು ನಗುವಾಯಿತು.

‘ನಮ್ಮ ಮನ್ಯಾಗೂ ಎರಡ ಮೊಮ್ಮಕ್ಕಳ ಅದಾವ್ರಿ ಸ್ವಾಮಿ. ಅಕ್ಕಾರ ಬಗ್ಗೆ ನನಗ ಗೌರವ ಐತಿ. ಆದ್ರ ಕಾಯ್ದೆದಾಗ ಕೂಸಿನ ಅಳುವಿಗೆ ಕಲಂ ಇಲ್ರಿ.’

ಈ ಸಲ ಎಲ್ಲರೂ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕಾಗದವನ್ನು ಮತ್ತೆ ತಾವೇ ಓದಿ ನನ್ನ ಕಡೆ ನೋಡಿದರು.

‘ಇದು ಕಡತದಲ್ಲಿ ಉಳಿಯುತ್ತದೆ. ಮೇಲಿನ ಕೋರ್ಟಿಗೆ ಹೋದರೆ ಅಲ್ಲಿಯೂ ಓದುತ್ತಾರೆ. ಹಿಂದಕ್ಕೆ ತೆಗೆದುಕೊಂಡು ಬೇರೆ ಸಲ್ಲಿಸುತ್ತೀರಾ?’

ಅವರು ಕರುಣೆಯಿಂದಲೇ ಕೇಳಿದ್ದು. ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು.

‘ಇಲ್ಲ ಸ್ವಾಮಿ.’

ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ‘ಅರ್ಜಿ ಮಂಜೂರು. ಆ ಒಂದು ದಾಖಲೆಯ ಬಗ್ಗೆ ಮಾತ್ರ. ಬರುವ ಶುಕ್ರವಾರ, ಒಂದೇ ಅವಕಾಶ. ಅಂದು ಆಗದಿದ್ದರೆ ಮತ್ತೆ ಇಲ್ಲ.’

ವರಾಂಡಕ್ಕೆ ಬಂದೆ. ಭರಮವ್ವನ ಪಕ್ಕದಲ್ಲಿ ಲಕ್ಷ್ಮಪ್ಪನವರು ನಿಂತಿದ್ದರು. ಅವರ ಕೈಯಲ್ಲಿ ಹೊಸ ವಕಾಲತ್ತಿನ ಹಾಳೆ. ನನಗೆ ತಿಳಿಯಿತು, ಆದರೂ ತಿಳಿಯದವಳಂತೆ ನಿಂತೆ.

‘ಸಿಟ್ಟ ಆಗಬ್ಯಾಡವಾ,’ ಅಂದಳು ಭರಮವ್ವ. ‘ಶುಕ್ರವಾರ ನೀ ಕೇಳಬ್ಯಾಡ. ಈ ವಕೀಲ ಸಾಹೇಬ್ರು ಕೇಳ್ತಾರ.’

‘ಕೂಸಿನ್ನ, ಅವ್ವನ್ನ ಎರಡ ದಿನಾ ಹಾನಗಲ್ಲಿಗೆ ಕಳಸ್ತೇನಿ, ಭರಮವ್ವ. ನಮ್ಮತ್ತಿ ಮನಿ ಐತಿ ಅಲ್ಲಿ. ಊರಾಗೇ ಇರೂದಿಲ್ಲ ಅದು. ಅಳೂದು ಕೇಳೂದಿಲ್ಲ.’ ಬೇಡುತ್ತಿದ್ದೇನೆ ಎಂದು ನನಗೇ ಕೇಳಿಸುತ್ತಿತ್ತು. ಎರಡು ದಿನ ಹಾಲಿಲ್ಲದೆ ಅದು ಏನು ಕುಡಿಯುತ್ತದೆ ಎಂದು ಯೋಚಿಸಿಯೂ ಇರಲಿಲ್ಲ. ಅಷ್ಟು ದೂರ ಬಂದುಬಿಟ್ಟಿದ್ದೆ.

‘ಕಳಸಬ್ಯಾಡ. ಅದು ಅತ್ರೂ ನಿನಗ ಕೇಳ್ತೈತಿ, ಅಳದಿದ್ರೂ ಕೇಳ್ತೈತಿ. ನಾಕ ಹಡದಾಕಿ ನಾನು, ನನಗ ಗೊತ್ತೈತಿ.’ ಅವಳು ನನ್ನ ತೋಳು ಮುಟ್ಟಿದಳು, ಆಮೇಲೆ ಕೈ ತೆಗೆದಳು. ‘ನೀ ಖರೇ ಬರದಿ. ಅದಕ್ಕ ನಿನ್ನ ಮ್ಯಾಲ ನನಗ ಮೊದಲಿನಂಗ ಜೀವ ಐತಿ. ಆದ್ರ ನನಗಿರೂದು ಒಂದ ಮನಿ.’

ಒಬ್ಬ ವಕೀಲೆಯಾಗಿ ಅವಳಿಗೆ ನಾನೇ ಸಲಹೆ ಕೊಡಬೇಕಾಗಿದ್ದರೆ ಇದನ್ನೇ ಹೇಳುತ್ತಿದ್ದೆ. ಲಕ್ಷ್ಮಪ್ಪನವರ ಬೆನ್ನ ಮೇಲೆಯೇ ಹಾಳೆಯಿಟ್ಟು, ‘ನನ್ನ ಆಕ್ಷೇಪಣೆ ಇರುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಭರಮವ್ವ ಅದರ ಕೆಳಗೆ ಹೆಬ್ಬಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

‘ಶುಕ್ರವಾರ ನನ್ನ ಬಾಜೂಕ ಕೂಡು,’ ಅಂದರು ಲಕ್ಷ್ಮಪ್ಪನವರು. ‘ಕೇಸ ನಿನಗ ಗೊತ್ತೈತಿ, ನನಗ ಪೂರಾ ಗೊತ್ತಿಲ್ಲ.’

ಶುಕ್ರವಾರ ನಾನು ಅವರ ಹಿಂದಿನ ಕುರ್ಚಿಯಲ್ಲಿ ಕೂತೆ. ಜೂನಿಯರ್ ಆಗಿದ್ದಾಗ ಕೂರುತ್ತಿದ್ದ ಜಾಗ. ಮೇಜಿನ ಮೇಲೆ ಅವರ ಎಂಟು ಫೈಲು. ಫಕ್ಕೀರೇಶ ಹೊಸ ಅಂಗಿ ತೊಟ್ಟು ಬಂದಿದ್ದ.

ಲಕ್ಷ್ಮಪ್ಪನವರಿಗೆ ಅವಸರವಿರಲಿಲ್ಲ. ಎದ್ದರು, ಗೌನು ಸರಿ ಮಾಡಿಕೊಂಡರು, ಸಾಕ್ಷಿಯ ಊರು ಕೇರಿ ವಿಚಾರಿಸುವ ಹಾಗೆ, ‘ಏನಪಾ, ಹೂವಪ್ಪನ ಸಹಿ ಗುರತ ಹಿಡಿತೀಯಿಲ್ಲೋ?’ ಅಂದರು.

‘ಹಿಡಿತೇನ್ರಿ. ಸಣ್ಣಾಂವ ಇದ್ದಾಗಿಂದ ನೋಡೇನಿ.’

ಅವರು ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದರು. ನಾನು ಕಾಗದವನ್ನು ಆ ಕೈಯಲ್ಲಿಟ್ಟೆ.

ಫಕ್ಕೀರೇಶ ಅದನ್ನು ಕಣ್ಣಿನ ಹತ್ತಿರ ತಂದುಕೊಂಡ. ಸಹಿ ನೋಡಿದ, ಮೇಲೆ ತಾರೀಖು ನೋಡಿದ, ಪಕ್ಕದ ವೇಳೆ ನೋಡಿದ. ಸುಭಾಸ ವಕೀಲರು ಅರ್ಧ ಎದ್ದು ನಿಂತರು. ಟೈಪಿಸ್ಟಳ ಬೆರಳುಗಳು ನಿಂತವು. ಅಷ್ಟು ಜನ ಇದ್ದ ಕೋರ್ಟಿನಲ್ಲಿ ಯಾರ ಉಸಿರೂ ಕೇಳಿಸಲಿಲ್ಲ. ಆ ಮೌನವನ್ನು ಎಷ್ಟು ತಿಂಗಳು ನಾನು ಮನಸ್ಸಿನಲ್ಲಿ ಕಟ್ಟಿದ್ದೆ, ಅದರ ಉದ್ದ ಎಷ್ಟಿರುತ್ತದೆ ಎಂದೂ ನನಗೆ ಗೊತ್ತಿತ್ತು. ಅದು ಹಾಗೇ ಇತ್ತು, ಮತ್ತು ಅದು ನನ್ನದಾಗಿರಲಿಲ್ಲ.

‘ಸಹಿ ಅವಂದರಿ,’ ಅಂದ ಫಕ್ಕೀರೇಶ. ಸ್ವಲ್ಪ ತಡೆದು, ‘ಆ ದಿನಾ ಅವ ಸವಣೂರಾಗ ಇದ್ದದ್ದು ನನಗ ಗೊತ್ತಿದ್ದಿಲ್ರಿ.’

ನ್ಯಾಯಾಧೀಶರು ಆ ಮಾತನ್ನು ಒಂದೊಂದೇ ಪದವಾಗಿ ಬರೆಸಿದರು. ಹಿಂದಿನ ಬೆಂಚಿನಲ್ಲಿ ಭರಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಿರಿಯ ವಕೀಲರೊಬ್ಬರು ಲಕ್ಷ್ಮಪ್ಪನವರ ಕಡೆ ಬಗ್ಗಿ, ‘ಭಾರೀ ಹಿಡದ್ರಿ ಸರ್’ ಎಂದು ಪಿಸುಗುಟ್ಟಿದರು. ಅವರು ಕೈ ಆಡಿಸಿ ಕೂತರು.

‘ಮುಂದಿನ ಕೇಸಿಂದ ಫೈಲ ತಗಿ, ತಂಗಿ,’ ಅಂದರು ನನಗೆ.

ನಾನು ಹುಡುಕಿ ತೆಗೆದುಕೊಟ್ಟೆ.